ಬೋರ್ಡಿನಲ್ಲಿ ಇಲ್ಲದ್ದು

ನೆಲಮಂಗಲದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಒಂದು ಮಧ್ಯಾಹ್ನ ವಾರ್ಡಿನ ತುಂಬ ಮಾವಿನಹಣ್ಣಿನ ವಾಸನೆ. ನೋಡಿದರೆ, ಆಕ್ಸಿಜನ್ ಹಾಕಿದ್ದ ಮುದುಕರೊಬ್ಬರ ಮಂಚದ ಪಕ್ಕದಲ್ಲೇ ಅವರ ಮಗ ಪೆನ್ನಿನಷ್ಟುದ್ದದ ವೇಪ್, ಅಂದ್ರೆ ಹಣ್ಣಿನ ಘಮದ ಇ-ಸಿಗರೇಟು, ಎಳೀತಾ ಕೂತಿದ್ದ.

ಅದನ್ನ ಮಾರೋದೇ ನಿಷೇಧ, ಎದ್ದು ಆಚೆ ಹೋಗ್ರೀ ಅಂತ ರೇಗಿದೆ.

"ಇದು ಹೊಗೆಯಲ್ಲ ಸಿಸ್ಟರ್, ಬರೀ ಆವಿ," ಎಂದು ಗೋಡೆಯ ಬೋರ್ಡ್ ತೋರಿಸಿದ. ಅದರಲ್ಲಿ ಬೀಡಿ, ಸಿಗರೇಟಿಗೆ ಮಾತ್ರ ಕೆಂಪು ಗೆರೆ ಹೊಡೆದಿತ್ತು.

ಮುದುಕರು ಮಾಸ್ಕ್ ಸರಿಸಿದರು. "ಚಿಕ್ಕೋನಿದ್ದಾಗ ನಾನು ಬೀಡಿ ಹಚ್ಚಿದ್ರೆ ಇವ್ನು ಮೂಗು ಮುಚ್ಕೊಂಡು ಬೀದಿಗೆ ಓಡ್ತಿದ್ದ ಕಣವ್ವಾ. ನಂಗೀಗ ಓಡಕ್ಕಾಗಲ್ಲ."

ಮಗ ತಲೆ ತಗ್ಗಿಸಿ ಎದ್ದು ಹೋದ.

ಆ ವಾರವೇ ಮುದುಕರು ತೀರಿಕೊಂಡರು. ನಾನು ಬೋರ್ಡಿನ ಮೇಲೆ ಒಂದು ವೇಪ್ ಚಿತ್ರ ಬರೆದು, ಅದಕ್ಕೂ ಕೆಂಪು ಗೆರೆ ಹೊಡೆದೆ. ಈಗ ರೋಗಿಗಳ ಕಡೆಯವರು ಬಂದು ಕೇಳ್ತಾರೆ: "ಒಳಗೆ ಪೆನ್ನು ತರಬಾರದಾ ಸಿಸ್ಟರ್?"