ನುಣುಪಣ್ಣನ ಹೊಸ ಲೆನ್ಸು

ನಮ್ಮ ಭಾವನ ಫೋಟೋ ಸ್ಟುಡಿಯೋಗೆ ಹೋಗಿಬಂದ ಮುಖದಲ್ಲಿ ಮಚ್ಚೆ ಉಳಿಯುತ್ತಿರಲಿಲ್ಲ. ಮೊಡವೆ, ಹೊಲಿಗೆಯ ಗುರುತು, ಕಣ್ಣ ಕೆಳಗಿನ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಹಾಕುತ್ತಿದ್ದರು. ಬೀದಿಯವರು ಇಟ್ಟ ಹೆಸರು ನುಣುಪಣ್ಣ. ಹಾಗೆ ಕರೆದರೆ ಅವರಿಗೆ ಸಿಟ್ಟಿರಲಿಲ್ಲ, ಹೆಮ್ಮೆಯೇ ಇತ್ತು.

ಎಲ್ಲರ ಕೈಗೂ ಫೋನು ಬಂದ ಮೇಲೆ ಭಾವ ನೊಣ ಹೊಡೆಯುತ್ತಾ ಕೂರುವಂತಾಯಿತು. “ಬಾಗಿಲು ಹಾಕಿಬಿಡಿ. ನನ್ನ ತಮ್ಮನ ಗೋಡೌನಲ್ಲಿ ಲೆಕ್ಕ ನೋಡ್ಕೊಂಡಿರಿ” ಎಂದು ಅಕ್ಕ ದಿನಾ ಗೊಣಗುತ್ತಿದ್ದಳು. ತಮ್ಮ ಎಂದರೆ ನಾನು. ಪೈಪು, ನಲ್ಲಿಗಳ ನಡುವೆ ಭಾವನನ್ನು ಕೂರಿಸಿಕೊಳ್ಳುವುದನ್ನು ನೆನೆದರೇ ನನಗೆ ತಲೆನೋವು ಬರುತ್ತಿತ್ತು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಅವರಿಗೆ ಹಳೆಯ ನಾಣ್ಯಗಳ ಹುಚ್ಚು; ಅವುಗಳದ್ದೊಂದು ಪುಸ್ತಕ ಮಾಡಿಸಬೇಕಂತೆ. ಮೊದಲು ಒಂದು ಪೆಟ್ಟಿಗೆಯ ನಾಣ್ಯಗಳ ಚಿತ್ರ ತೆಗೆದು ತೋರಿಸಬೇಕು. ಮೆಚ್ಚುಗೆಯಾದರೆ ಉಳಿದ ಪೆಟ್ಟಿಗೆಗಳೂ ಭಾವನಿಗೇ, ಡಾಕ್ಟರಂಥ ಇತರ ಹುಚ್ಚರ ನಾಣ್ಯಗಳೂ ಭಾವನಿಗೇ. ಸ್ಟುಡಿಯೋ ಉಳಿಯುವುದಿದ್ದರೆ ಇದರಿಂದಲೇ ಉಳಿಯಬೇಕಿತ್ತು.

ಮುಖ ತೆಗೆಯುವ ಲೆನ್ಸಿನಲ್ಲಿ ನಾಣ್ಯ ಬಟಾಣಿಯಷ್ಟೇ ಕಾಣುತ್ತಿತ್ತು. ತೀರ ಹತ್ತಿರದ್ದನ್ನು ಹಿಗ್ಗಿಸಿ ತೋರಿಸುವ ಮ್ಯಾಕ್ರೋ ಲೆನ್ಸು ಬೇಕಿತ್ತು. ಅಳಿಯನನ್ನು ಹುಡುಕುವವರೂ ಅಷ್ಟು ವಿಚಾರಿಸಲಾರರು, ಭಾವ ಅಷ್ಟು ವಿಚಾರಿಸಿದರು. ಅಂಗಡಿಯಲ್ಲಿ ಮೊದಲು ಅರವತ್ತು ಎಂ.ಎಂ.ನದನ್ನು ಹಾಕಿ ನೋಡಿದರು. ಬೆಲೆಯೂ ಹಗುರ, ತೂಕವೂ ಹಗುರ. ಆದರೆ ನಾಣ್ಯ ಚೌಕಟ್ಟಿನ ತುಂಬ ಕಾಣಬೇಕಾದರೆ ಲೆನ್ಸು ಅದರ ನೆತ್ತಿಯ ಮೇಲೇ ಕೂರಬೇಕು. ಅದರ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ಬೆಳಕು ನುಗ್ಗಲು ಜಾಗವೇ ಇಲ್ಲ. ನೂರು ಎಂ.ಎಂ.ನದು ಅಷ್ಟೇ ದೊಡ್ಡದಾಗಿ, ಹೆಚ್ಚುಕಡಿಮೆ ಒಂದು ಗೇಣು ದೂರದಿಂದ ತೋರಿಸುತ್ತಿತ್ತು. ಪಕ್ಕದಿಂದ ಓರೆಯಾಗಿ ದೀಪ ಹಿಡಿದರೆ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತಿತ್ತು. “ಎರಡೂ ಒಂದೇ ಸಾರ್” ಎಂದ ಅಂಗಡಿಯವನಿಗೆ ಕಿವಿಗೊಡದೆ ಭಾವ ನೂರರದ್ದನ್ನೇ ಕೊಂಡರು. ನಿಂತು ನಿಂತು ನನ್ನ ಕಾಲು ಬಿದ್ದುಹೋಗಿತ್ತು. ಆಯ್ಕೆ ಮಾತ್ರ ಸರಿಯಾಗಿತ್ತು, ಒಪ್ಪಬೇಕು.

ವಾರದ ಮೇಲೆ ಡಾಕ್ಟರು ಬಂದು ಚಿತ್ರಗಳನ್ನು ನೋಡಿದರು. ರಾಜನ ಗಡ್ಡದ ಎಳೆಗಳನ್ನೂ ಎಣಿಸಬಹುದಿತ್ತು. ಆದರೂ ಡಾಕ್ಟರ ಮುಖ ಗಂಟಿಕ್ಕುತ್ತಾ ಹೋಯಿತು.

“ಇವನ ಕೆನ್ನೆ ಮೇಲೆ ಒಂದು ಗೀರಿತ್ತಲ್ಲ?”

“ತೆಗೆದುಬಿಟ್ಟೆ ಡಾಕ್ಟ್ರೇ. ಅಂಚು ಒಂಚೂರು ಮುಕ್ಕಾಗಿತ್ತು, ಅದನ್ನೂ ತುಂಬಿಸಿದೀನಿ. ಅದಕ್ಕೇನೂ ಎಕ್ಸ್‌ಟ್ರಾ ಇಲ್ಲ.”

“ಅಲ್ರೀ, ಆ ಗೀರು ನೋಡೇ ಇದು ನಂದು ಅಂತ ನಾನು ಗುರುತು ಹಿಡಿಯೋದು! ನಾಳೆ ಕಳುವಾದ್ರೆ ಈ ಫೋಟೋ ಇಟ್ಕೊಂಡು ಏನಂತ ಹುಡುಕ್ಲಿ? ಇಂಥವು ಸಾವಿರ ಇದಾವೆ.”

ಭಾವ ಇಂಗು ತಿಂದ ಮಂಗನಂತೆ ನಿಂತರು. ತಿದ್ದುವ ಮೊದಲಿನ ಚಿತ್ರಗಳನ್ನು ಉಳಿಸಿಕೊಳ್ಳುವ ಅಭ್ಯಾಸವೇ ಅವರಿಗಿರಲಿಲ್ಲ. ಮುಖಗಳ ವಿಷಯದಲ್ಲಿ ಯಾರೂ ಅದನ್ನು ಕೇಳಿದ್ದಿಲ್ಲ. ಡಾಕ್ಟರು ಪೆಟ್ಟಿಗೆ ಎತ್ತಿಕೊಂಡು ಹೊರಟರು. ಅಲ್ಲೇ ಇದ್ದ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಇನ್ನೊಂದ್ಸಲ ತೆಗೀತಾರೆ ಡಾಕ್ಟ್ರೇ. ಕಂಪ್ಯೂಟರ್ ಹತ್ರ ನಾನೇ ಕೂತಿರ್ತೀನಿ.”

ಬಾಗಿಲು ಹಾಕಿ ಎಂದು ಗೊಣಗುತ್ತಿದ್ದವಳು ಇವಳೇನಾ ಎಂದು ನನಗೆ ಅನುಮಾನ ಬಂತು. ಡಾಕ್ಟರು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು ಹೋದರು.

ಆಮೇಲಿನ ದಿನಗಳಲ್ಲಿ ಭಾವನ ಕೈ ತುರಿಸುತ್ತಲೇ ಇತ್ತು. ಬೆರಳು ಮೌಸಿನ ಕಡೆ ಜರುಗಿದಾಗಲೆಲ್ಲ ಅಕ್ಕ “ರೀ” ಎನ್ನುತ್ತಿದ್ದಳು. ಎರಡನೆಯ ಸಲ ಡಾಕ್ಟರು ಗೀರು, ಮುಕ್ಕು, ಕಲೆಗಳ ಮೇಲೆಲ್ಲ ಬೆರಳಾಡಿಸಿ, “ಹಾಂ, ಇದು ನಂದು” ಎಂದರು. ಉಳಿದ ಪೆಟ್ಟಿಗೆಗಳನ್ನು ಕಳಿಸುವುದಾಗಿ ಹೇಳಿದರು. ಸ್ಟುಡಿಯೋ ಉಳಿಯಿತು, ನನ್ನ ಗೋಡೌನೂ ಬಚಾವಾಯಿತು.

ಕುಣಿದಾಡಬೇಕಾಗಿದ್ದ ಭಾವ ಅಂದು ಸಂಜೆ ಸ್ಟುಡಿಯೋದ ಗೋಡೆಯ ಮುಂದೆ ಸುಮ್ಮನೆ ನಿಂತಿದ್ದರು. ಇಷ್ಟು ವರ್ಷ ತಾವು ತೆಗೆದ ಮುಖಗಳಲ್ಲಿ ಚೆಂದದವನ್ನೆಲ್ಲ ಅಲ್ಲಿ ತೂಗುಹಾಕಿದ್ದರು. ನಡುವೆ ಅಕ್ಕನೂ ಇದ್ದಳು, ಹುಬ್ಬಿನ ಮೇಲಿನ ಗಾಯದ ಗುರುತಿಲ್ಲದೆ.

“ಏನು ಭಾವ, ಹೀಗೆ ನಿಂತ್ಬಿಟ್ರಿ?” ಎಂದೆ.

“ಇವರಲ್ಲಿ ಯಾರು ಕಳೆದುಹೋದ್ರೂ ಈ ಫೋಟೋ ಇಟ್ಕೊಂಡು ಹುಡುಕೋಕಾಗಲ್ಲ ಕಣೋ,” ಎಂದರು. “ನಿಮ್ಮಕ್ಕನ್ನೂ ಅಷ್ಟೇ.”