ನಕ್ಷೆಗೆ ಹಾಕದ ಹಿತ್ತಲ ದಾರಿ

ಎಪ್ಪತ್ತರ ದಶಕದ ಕೊನೆ. ಮಾನ್ವಿಯಿಂದ ಬಂದು ರಾಯಚೂರಿನಲ್ಲಿ ಬಾಡಿಗೆಗಿದ್ದೆ. ಹೊಸ ರಸ್ತೆಗಾಗಿ ಓಣಿಗಳನ್ನು ಅಳೆದು ನಕ್ಷೆ ಬರೆಯುವುದು ನನ್ನ ನೌಕರಿ. ಪಕ್ಕದ ಮನೆಯ ಮುದುಕಿಯನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರು ಆಪಾ ಎಂದು ಕರೆಯುತ್ತಿದ್ದ ಅಕ್ಕನ ಮನೆ ಹಿಂದಿನ ಓಣಿಯಲ್ಲಿ. ಖಾಲಾ ಬೀದಿಗಿಳಿಯುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಟು, ನಡುವಿನ ಖಾಲಿ ಜಾಗ ದಾಟಿ, ಅಕ್ಕನ ಹಿತ್ತಲು ಸೇರುತ್ತಿದ್ದರು. ಕೈಯಲ್ಲಿನ ಸಾರು ಆರುವಷ್ಟು ದೂರವೂ ಅಲ್ಲ.

ನಾನು ಟೇಪು ಹಿಡಿದು ಅಲ್ಲಿಗೆ ಹೋದಾಗ ಖಾಲಾ ಹೇಳಿದರು:

"ಬೇಟಾ, ನಮ್ಮ ದಾರಿನೂ ಹಾಕು."

"ಇದು ರಸ್ತಾ ಅಲ್ರೀ ಖಾಲಾ, ಹೆಣ್ಮಕ್ಕಳು ಅಡ್ಡಾಡೋ ಜಾಗಾ. ನಕ್ಷಾದಾಗ ಇದಕ್ಕ ಗೆರಿ ಇಲ್ಲ."

"ಗಂಡಸರು ನಡದ್ರಷ್ಟ ರಸ್ತಾ ಆಗ್ತದೇನು? ಹೋಗು, ನಿಮ್ಮ ಸಾಹೇಬನ ಹೆಂಡ್ತಿನ್ನ ಕೇಳಿ ಬಾ."

ಇಬ್ಬರೂ ನಕ್ಕೆವು. ನಾನು ಹೇಳಿದ್ದು ಸುಳ್ಳು. ಕಾಲುದಾರಿಗೆ ಚುಕ್ಕಿಗೆರೆ ಇತ್ತು. ಒಂದನ್ನು ಹಾಕಿದರೆ ಎಲ್ಲರ ಹಿತ್ತಲನ್ನೂ ಅಳೆಯಬೇಕಾಗುತ್ತಿತ್ತು. ಬಿಸಿಲು ಬೇರೆ. ಅಥವಾ ಬಿಸಿಲನ್ನು ಆಮೇಲೆ ನಾನೇ ಸೇರಿಸಿಕೊಂಡೆನೇನೋ. ಅದು ಯಾವ ತಿಂಗಳೆಂದು ನೆನಪಿಲ್ಲ.

ನಕ್ಷೆಯಲ್ಲಿದ್ದ ದಾರಿಗಳಿಗೆ ಸಂದಿ ಬಿಟ್ಟರು. ಉಳಿದೆಡೆ, ಖಾಲಾ ದಾಟುತ್ತಿದ್ದ ಖಾಲಿ ಜಾಗದಲ್ಲೂ, ಉದ್ದಕ್ಕೂ ಮಳಿಗೆಗಳ ಗೋಡೆ ಎದ್ದಿತು, ಅದರ ಮುಂದೆ ನೆಟ್ಟನೆಯ ಡಾಂಬರು ರಸ್ತೆ. ದೇವದುರ್ಗದ ಬಸ್ಸು ಈಗ ಬೇಗ ಬರುತ್ತದೆಂದು ನಾನೂ ಹೆಮ್ಮೆಪಟ್ಟೆ. ಲಾರಿಗಳ ನಡುವೆ ಸುತ್ತಿ ಹೋಗಲು ಖಾಲಾ ಹಿಂಜರಿದರು. "ನಾಳಿ ಹೋಗ್ತೀನಿ" ಎನ್ನುತ್ತಲೇ ಮಳೆಗಾಲ ಮುಗಿಯಿತು.

ಒಂದು ಮಧ್ಯಾಹ್ನ ಅಕ್ಕನಿಗೆ ಕಾಯಿಲೆ ಜೋರಾಗಿದೆಯೆಂದು ಯಾರೋ ಹೇಳಿಹೋದರು. ಬುರ್ಖಾ ಹಾಕಿಕೊಂಡು ಖಾಲಾ ನನ್ನ ಜೊತೆ ಹೊರಟರು. ಹಿಂದಿನ ಓಣಿಗೆ ಬಂದು ನಿಂತರು.

"ಯಾವ ಮನಿ, ಖಾಲಾ?"

ಅವರು ಬಾಗಿಲುಗಳನ್ನು ಒಂದೊಂದಾಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಅಕ್ಕನ ಮನೆಯ ಮುಂಬಾಗಿಲನ್ನು ಅವರು ನೋಡಿಯೇ ಇರಲಿಲ್ಲ. ಆ ಓಣಿಯನ್ನು ಅಳೆದಿದ್ದ ನಾನೂ ಯಾವ ಮನೆಯಲ್ಲಿ ಯಾರಿದ್ದಾರೆಂದು ಕೇಳಿರಲಿಲ್ಲ. ಎಷ್ಟು ಹೊತ್ತು ಸುತ್ತಿದೆವೋ! ಹೇಳುವಾಗ ಒಮ್ಮೆ ಹತ್ತು ನಿಮಿಷ ಎನ್ನುತ್ತೇನೆ, ಒಮ್ಮೆ ಒಂದು ತಾಸು. ಕೊನೆಗೆ ನೀರು ತರುತ್ತಿದ್ದ ಹೆಂಗಸೊಬ್ಬಳು ತೋರಿಸಿದಳು. ಅದರ ಮುಂದೆ ನಾವಾಗಲೇ ಎರಡು ಸಲ ಹಾದುಹೋಗಿದ್ದೆವು.

ಒಳಗೆ ಅಕ್ಕನ ಕಣ್ಣುಗಳು ತೆರೆದಿದ್ದವು. ಮಾತು ಆಗಷ್ಟೇ ನಿಂತಿತೆಂದು ಸೊಸೆ ಹೇಳಿದಳು. ಖಾಲಾ ಅಕ್ಕನ ಕೈ ಹಿಡಿದು ಕೂತರು.

"ಮನಿ ಸಿಗಲಿಲ್ಲ ಆಪಾ," ಅನ್ನುತ್ತಲೇ ಇದ್ದರು, "ಮನಿನ ಸಿಗಲಿಲ್ಲ."