ಇಯೋಪು ಮಾವನ ಎಡತೊಡೆ

ಟಕ್ ಟಕ್, ಟಕ್ ಟಕ್. ರಸ್ತೆಯಾಚೆ ಹಚ್ಚೆಗಾರನ ಗೋಡೆಯಿಲ್ಲದ ಮನೆಯಿಂದ ಬೆಳಗಿನಿಂದಲೂ ಆ ಸದ್ದು ಬರುತ್ತಿತ್ತು. ಕೋಲು ಹಚ್ಚೆ ಚುಚ್ಚುವ ಹಣಿಗೆಯ ಮೇಲೆ ಬಿದ್ದಾಗಲೆಲ್ಲ ಯಾವನೋ ಒಬ್ಬನ ಚರ್ಮದೊಳಗೆ ಒಂದು ಸಾಲು ಕಪ್ಪು ಇಳಿಯುತ್ತಿತ್ತು. ಅವನ ಅಕ್ಕತಂಗಿಯರು ಸುತ್ತ ಕೂತು, ನೋವು ಮರೆಯಲೆಂದು ಹಾಡುತ್ತಿದ್ದರು. ಇತ್ತ ಜಗಲಿಯಲ್ಲಿ ತೆಂಗಿನ ನಾರನ್ನು ಬಲತೊಡೆಯ ಮೇಲೆ ಹೊಸೆಯುತ್ತಿದ್ದ ಇಯೋಪು ಮಾವ ಆಗಾಗ ಕೈ ನಿಲ್ಲಿಸುತ್ತಿದ್ದರು. ಏನೂ ಕೇಳಿಸಲಿಲ್ಲವೆಂಬಂತೆ ಮತ್ತೆ ಹೊಸೆಯುತ್ತಿದ್ದರು.

ಒಳಗೆ ಕೂತಿದ್ದ ತಂಗಿಯ ಮಗಳು ಫೊಲೊಲೆಗೆ ಅವರ ಕಡೆ ನೋಡುವ ಧೈರ್ಯವಿರಲಿಲ್ಲ.

ದ್ವೀಪದ ದೊಡ್ಡ ಪಟ್ಟಣ ಆಪಿಯಾದ ಕಲಾಶಾಲೆಯಲ್ಲಿ ಅವಳದು ಎರಡನೇ ವರ್ಷ. ತಿಂಗಳ ಹಿಂದೆ ಇದೇ ಜಗಲಿಯಲ್ಲಿ ಅಮ್ಮನ ಅಣ್ಣನಾದ ಈ ಮಾವನನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಸೊಂಟದಿಂದ ಮೊಣಕಾಲಿನವರೆಗೆ ಬಲಗಡೆಯೆಲ್ಲ ಹಚ್ಚೆ. ಎಡತೊಡೆಯ ಮೇಲೆ, ಸೊಂಟಕ್ಕೆ ಸುತ್ತಿ ಎಂದಿನಂತೆ ಇಳಿಬಿಟ್ಟ ಲಾವಲಾವದ ಬಟ್ಟೆ. ಅದರ ಕೆಳಗೆ ಏನಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು, ಅವಳಿಗೂ. ಏನೂ ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಆರನೇ ದಿನ, ಮಾವ ಹಚ್ಚೆಗಾರನ ಚಾಪೆಯಿಂದ ಎದ್ದು ಹೋಗಿದ್ದರು. ಅರ್ಧಕ್ಕೆ ಬಿಟ್ಟ ಹಚ್ಚೆ ಒಬ್ಬನ ಅವಮಾನವಲ್ಲ, ಮನೆತನದ್ದು. ನಲವತ್ತು ವರ್ಷ, ಮೀಯುವಾಗಲೂ, ಆ ಬಟ್ಟೆ ಅಲ್ಲಿಂದ ಸರಿದಿರಲಿಲ್ಲ.

ಫೊಲೊಲೆ ಆ ಪೆನ್ಸಿಲ್ ಚಿತ್ರದ ಫೋಟೊ ತೆಗೆದು ಟ್ಯಾಬ್ಲೆಟ್ಟಿಗೆ ಇಳಿಸಿಕೊಂಡಳು. ಒಂದು ಪದರದಲ್ಲಿ ಗೆರೆ, ಅದರ ಮೇಲಿನ ಪದರದಲ್ಲಿ ಚರ್ಮದ ಕಂದು, ಇನ್ನೊಂದರಲ್ಲಿ ಹಚ್ಚೆ. ಬಲತೊಡೆಗೇ ಮೂರು ವಾರದ ಸಂಜೆಗಳು ಕಳೆದವು. ಎಡಗಡೆಗೆ ಅಷ್ಟೆಲ್ಲ ಬೇಕಾಗಲಿಲ್ಲ. ಬಟ್ಟೆಯನ್ನು ಅಳಿಸಿ ಬರಿತೊಡೆ ಬರೆದಳು, ಬಲತೊಡೆಯ ಹಚ್ಚೆಯನ್ನು ನಕಲು ಮಾಡಿ ಕನ್ನಡಿಯಲ್ಲಿ ಕಂಡಂತೆ ಮಗುಚಿ ಮೇಲೊಂದು ಪದರದಲ್ಲಿ ಕೂರಿಸಿದಳು. ಇದು ಮಾವನಿಗೆ ತಾನು ಕೊಡುವ ಉಡುಗೊರೆ ಎಂದು ಆಗ ನಿಜವಾಗಿಯೂ ಅನ್ನಿಸಿತ್ತು. ಚಿತ್ರ ಅಚ್ಚಾಗಿ, ಚೌಕಟ್ಟು ಹೊಂದಿ, ಶಾಲೆಯ ಗೋಡೆ ಹತ್ತಿತು. ನಾಳಿನ ಪ್ರದರ್ಶನಕ್ಕೆ ಊರಿನಿಂದ ಒಂದು ಬಸ್ಸು ತುಂಬ ಜನ ಹೊರಟಿದ್ದಾರೆಂದು ಕೇಳಿದಾಗಲೇ ಅವಳಿಗೆ ಹೊಳೆದದ್ದು, ಆ ತೊಡೆ ಬರಿದೆಂದು ಅವರಿಗೆಲ್ಲ ಗೊತ್ತಿದೆಯೆಂದು.

"ಫೊಲೊಲೆ, ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದೀನಿ," ಮಾವ ಹೊರಗಿನಿಂದ ಹೇಳಿದರು. "ಚಿತ್ರದ ಪಕ್ಕ ನಿಂತಾಗ ಚಿತ್ರವೇ ವಾಸಿ ಅನ್ನಬಾರದಲ್ಲ ಜನ. ಒಂದ್ಸಲ ತೋರಿಸೇ. ಮೂಗು ಎಷ್ಟು ದಪ್ಪ ಮಾಡಿದೀಯೋ ಏನೋ."

ಇನ್ನು ಮುಚ್ಚಿಡುವಂತಿರಲಿಲ್ಲ. ಹೊರಗೆ ಬಂದು ಫೋನನ್ನು ಅವರ ಕೈಗೆ ಕೊಟ್ಟಳು. ಮಾವ ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ಹೊಸೆದ ನಾರು ತೊಡೆಯ ಮೇಲೆ ತಾನಾಗಿ ಬಿಚ್ಚಿಕೊಂಡಿತು.

"ಮೂಗು ಪರವಾಗಿಲ್ಲ," ಎಂದರು. ಚಿತ್ರದ ಎಡತೊಡೆಗೆ ಬೆರಳು ತೋರಿಸಿ, "ಈ ಕಾಲು ಯಾರದ್ದು?"

"ನಿಮ್ಮದೇ, ಮಾವ."

"ಓಹೋ. ಎಷ್ಟು ದಿನ ಹಿಡೀತು?"

ಅವಳು ಫೋನಿಗೆ ಕೈ ಚಾಚಿದಳು; ಅವರು ಕೊಡಲಿಲ್ಲ.

"ಹೇಳೇ. ಬಲಗಡೇದಕ್ಕೆ ನಾನು ಆರು ದಿನ ಮಲಗಿದ್ದೆ. ನಿಮ್ಮಮ್ಮ ತಲೆ ಹತ್ರ ಕೂತು ಹಾಡಿ ಹಾಡಿ ಗಂಟಲು ಕಟ್ಕೊಂಡ್ಲು. ಇದಕ್ಕೆ?"

"ಎರಡು ಕ್ಷಣ."

ಮಾವ ನಕ್ಕರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಚುರುಕು ಕಣಮ್ಮ ನಿನ್ನ ಹಚ್ಚೆಗಾರ. ಅವತ್ತು ನಂಗೆ ಸಿಗಬಾರದಿತ್ತಾ."

"ಮಾವ, ನಿಮಗೆ ಖುಷಿಯಾಗಲಿ ಅಂತ ನಾನು..."

"ಗೊತ್ತು. ಆದ್ರೆ ನೋಡು, ಇಷ್ಟು ದಿನ ನನ್ನ ಓಡಿಹೋದವನು ಅಂದ್ರು. ನಿಜ, ಕೇಳಿಸ್ಕೊಂಡೆ. ನಾಳೆಯಿಂದ ಸುಳ್ಳ ಅಂತಾರೆ." ಫೋನನ್ನು ಅವಳ ಮಡಿಲಿಗಿಟ್ಟು ನಾರು ಕೈಗೆತ್ತಿಕೊಂಡರು. "ನೀನು ಹೋಗು. ಚೆನ್ನಾಗಿ ಬರೆದಿದೀಯ, ತಲೆ ಎತ್ತಿ ನಿಂತ್ಕೋ. ನಂಗೆ ಯಾಕೋ ಸೊಂಟ ನೋವು, ಬರಕ್ಕಾಗಲ್ಲ."

ಸೊಂಟಕ್ಕೆ ಏನೂ ಆಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅವಳು ಮೊದಲ ಬಸ್ಸಿಗೇ ಹೋದಳು. ಅವಳಿಗೆ ಬಣ್ಣ ಕಲಿಸಿದ ವಾಲಾಸಿ ಮಿಸ್ ಚಿತ್ರಗಳ ಕೆಳಗೆ ಹೆಸರಿನ ಚೀಟಿ ಅಂಟಿಸುತ್ತಿದ್ದರು.

"ಮಿಸ್, ನನ್ನ ಚಿತ್ರ ಇಳಿಸ್ತೀನಿ."

"ತಲೆ ನೆಟ್ಟಗಿದೆಯಾ? ಈ ಗೋಡೆಗೆ ಅದೇ ಕಳೆ."

"ಎಡತೊಡೆ ಸುಳ್ಳು, ಮಿಸ್. ಮಾವನ ಹಚ್ಚೆ ಅರ್ಧಕ್ಕೇ ನಿಂತಿದೆ. ಚಿತ್ರ ನೋಡಿ ಬರಲ್ಲ ಅಂದ್ರು."

ಮಿಸ್ ಕೈಯ ಚೀಟಿ ಕೈಯಲ್ಲೇ ಉಳಿಯಿತು. ಅವರೂ ಇದೇ ದ್ವೀಪದವರು; ಬಿಡಿಸಿ ಹೇಳಬೇಕಿರಲಿಲ್ಲ. "ಅಯ್ಯೋ ಹುಡುಗಿ," ಎಂದು ದನಿ ತಗ್ಗಿಸಿದರು. "ಹಾಗಾದ್ರೆ ಆ ಒಂದು ಪದರ ತೆಗೆದು ಮತ್ತೆ ಅಚ್ಚು ಹಾಕ್ಸು. ಸಂಜೆ ತನಕ ಹೊತ್ತಿದೆ."

"ಬರೀ ತೊಡೆ ಕಾಣುತ್ತೆ. ಅದನ್ನ ಅವರೇ ಯಾರಿಗೂ ತೋರಿಸಿಲ್ಲ."

"ಮತ್ತೆ ಬಟ್ಟೆ ಹೊದಿಸು. ಪೆನ್ಸಿಲ್ಲಲ್ಲಿ ಇದ್ದ ಹಾಗೆ."

"ಅವರನ್ನ ಕೇಳಬೇಕು, ಮಿಸ್. ಕೇಳದೆ ಒಂದ್ಸಲ ಕೈ ಹಾಕಿದ್ದಾಯ್ತು."

"ಊರಿಗೆ ಹೋಗಿ ಬರೋದ್ರೊಳಗೆ ಎಲ್ಲ ಮುಗಿದಿರುತ್ತೆ. ಈ ವರ್ಷದ ನಿನ್ನ ಅಂಕ ಪೂರ್ತಿ ಇದರ ಮೇಲಿದೆ, ಗೊತ್ತು ತಾನೇ? ಅವರು ಬರಲ್ಲ ಅಂದಿದಾರಲ್ಲ, ಬಂದವರಲ್ಲಿ ಯಾರು ಕೂತು ಗೆರೆ ಎಣಿಸ್ತಾರೆ..."

ಫೊಲೊಲೆ ಚೌಕಟ್ಟನ್ನು ಮೊಳೆಯಿಂದ ಎತ್ತಿ, ಯಾರಿಗೂ ಕಾಣದಂತೆ ಚಿತ್ರದ ಮುಖವನ್ನು ಎದೆಗೆ ಒತ್ತಿ ಹಿಡಿದಳು. ಮಿಸ್ ಇನ್ನೂ ಹೇಳುತ್ತಲೇ ಇದ್ದರು. ಅವಳು ಬಾಗಿಲು ದಾಟಿ ಬಸ್ ನಿಲ್ದಾಣದ ಕಡೆ ನಡೆದಳು.